ಹಣ ಹೋಗುವ ದಾರಿ ಕಟ್ಟಿದ್ದಾಯ್ತು, ವಾಪಸ್ ಬರುವ ದಾರಿ ಯಾವಾಗ?

(ಮೊಬೈಲ್ ಬ್ಯಾಂಕಿಂಗ್‌ನ ಹೊಸ ತಂತ್ರಜ್ಞಾನಗಳ ಬಗ್ಗೆ ಕೊಟ್ಟ ಉಪನ್ಯಾಸದ ಬರಹ ರೂಪ ಇದು. ಮಾತಿನಲ್ಲಿ ಅವಸರವಾಗಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿಮ್ಮ ಬ್ಯಾಂಕಿನ ಆ್ಯಪ್ ತೆರೆದು ಹಣ ಕಳಿಸುವ ಬಟನ್ ತೋರಿಸಿ ಅಂದರೆ ಕಣ್ಣು ಮುಚ್ಚಿಕೊಂಡು ತೋರಿಸುತ್ತೀರಿ. ಅದೇ ಆ್ಯಪ್‌ನಲ್ಲಿ ‘ಹಣ ತಪ್ಪಾಗಿ ಹೋಗಿದೆ, ವಾಪಸ್ ಬೇಕು’ ಅನ್ನುವ ಬಟನ್ ಎಲ್ಲಿದೆ? ಎಷ್ಟೋ ಆ್ಯಪ್‌ಗಳಲ್ಲಿ ಅದು ಇಲ್ಲವೇ ಇಲ್ಲ. ಇದ್ದರೂ ಸಹಾಯ, ದೂರು, ಇತರೆ ಅಂತ ಒಂದೊಂದೇ ಪುಟ ಒತ್ತುತ್ತಾ ಹೋದ ಮೇಲೆ ಒಂದು ಫಾರಂ ಸಿಗುತ್ತದೆ, ಅದನ್ನು ತುಂಬಿದರೆ ಒಂದು ದೂರು ಸಂಖ್ಯೆ ಬರುತ್ತದೆ, ಅಷ್ಟೇ. ಹಣ ಹೋಗೋದಕ್ಕೆ ಕೆಲವು ಸೆಕೆಂಡ್ ಸಾಕು. ವಾಪಸ್ ಬರೋದಕ್ಕೆ ವಾರಗಳು ಬೇಕು, ಬಂದರೆ.

ಇವತ್ತು ನಾನು ಮಾತಾಡಲು ಬಂದಿರುವುದು ಇದರ ಬಗ್ಗೆಯೇ. ಮುಖ ನೋಡಿ ತೆರೆಯುವ ಆ್ಯಪ್, ಮಾತಾಡುವ ಬಾಟ್, ಎಐ ಎಲ್ಲದರ ಬಗ್ಗೆಯೂ ಹೇಳುತ್ತೇನೆ. ಆದರೆ ಅವೆಲ್ಲವನ್ನೂ ಈ ಒಂದು ಪ್ರಶ್ನೆ ಇಟ್ಟುಕೊಂಡೇ ನೋಡುತ್ತೇನೆ. ಹಣ ಹೋಗುವ ದಾರಿಗೆ ನಾವು ಸುರಿದ ಬುದ್ಧಿ, ಶ್ರಮ, ಬಂಡವಾಳದಲ್ಲಿ ಎಷ್ಟು ಪಾಲು ಹಣ ವಾಪಸ್ ಬರುವ ದಾರಿಗೆ ಹೋಗಿದೆ?

ಮೊದಲು ಆ ಕೆಲವು ಸೆಕೆಂಡುಗಳಲ್ಲಿ ಏನಾಗುತ್ತದೆ ನೋಡೋಣ. ನೀವು ಪಿನ್ ಹಾಕಿ ‘ಕಳಿಸು’ ಒತ್ತುತ್ತೀರಿ. ನಿಮ್ಮ ಆ್ಯಪ್ ಒಂದು ಸಂದೇಶ ತಯಾರಿಸಿ ಬ್ಯಾಂಕಿನ ಸರ್ವರ್‌ಗೆ ಕಳಿಸುತ್ತದೆ. ಬ್ಯಾಂಕು ಪಿನ್ ಸರಿಯಿದೆಯಾ, ಖಾತೆಯಲ್ಲಿ ಹಣ ಇದೆಯಾ, ದಿನದ ಮಿತಿ ಮೀರಿದೆಯಾ ಅಂತೆಲ್ಲ ನೋಡುತ್ತದೆ. ನಿಮ್ಮ ಖಾತೆಯಿಂದ ಕಡಿತ ಮಾಡುತ್ತದೆ. ಆಮೇಲೆ ಎಲ್ಲ ಬ್ಯಾಂಕುಗಳನ್ನೂ ಜೋಡಿಸುವ ಒಂದು ಕೇಂದ್ರ ಸ್ವಿಚ್ ಮೂಲಕ ಎದುರಿನವರ ಬ್ಯಾಂಕಿಗೆ ‘ಇಷ್ಟು ಜಮೆ ಮಾಡಿ’ ಅಂತ ಹೇಳುತ್ತದೆ. ಅವರು ಜಮೆ ಮಾಡಿ ‘ಆಯ್ತು’ ಅಂತ ಉತ್ತರ ಕೊಡುತ್ತಾರೆ. ಆ ಉತ್ತರ ಬಂದ ದಾರಿಯಲ್ಲೇ ಹಿಂದಕ್ಕೆ ಬಂದು ನಿಮ್ಮ ಪರದೆಯ ಮೇಲೆ ಹಸಿರು ಗುರುತಾಗಿ ಕಾಣಿಸುತ್ತದೆ. ಎಷ್ಟೋ ದೇಶಗಳಲ್ಲಿ ಈ ಹೊತ್ತಿಗೆ ಬ್ಯಾಂಕಿನಿಂದ ಬ್ಯಾಂಕಿಗೆ ನಿಜವಾದ ಹಣ ಹೋಗಿರುವುದೇ ಇಲ್ಲ. ಬರೀ ಲೆಕ್ಕ ಬರೆದಿಟ್ಟುಕೊಂಡಿರುತ್ತಾರೆ. ದಿನಕ್ಕೆ ಕೆಲವು ಸಲ ಎಲ್ಲ ಬ್ಯಾಂಕುಗಳ ಕೊಡು-ಕೊಳ್ಳುವಿಕೆಯನ್ನು ಕೂಡಿ ಕಳೆದು, ಉಳಿದ ಮೊತ್ತವನ್ನು ಮಾತ್ರ ಕೇಂದ್ರ ಬ್ಯಾಂಕಿನಲ್ಲಿ ಚುಕ್ತಾ ಮಾಡಿಕೊಳ್ಳುತ್ತಾರೆ.

ಈಗ ಮಧ್ಯದಲ್ಲಿ ಒಂದು ಉತ್ತರ ಕಳೆದುಹೋಯಿತು ಅಂದುಕೊಳ್ಳಿ. ನಿಮ್ಮ ಖಾತೆಯಿಂದ ಹಣ ಕಡಿತವಾಗಿದೆ. ಆ ಕಡೆಯಿಂದ ‘ಆಯ್ತು’ ಬಂದಿಲ್ಲ. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇದೆ. ಅವರಿಗೆ ಸಂದೇಶವೇ ತಲುಪಲಿಲ್ಲವಾ, ಅಥವಾ ಜಮೆ ಮಾಡಿದ ಮೇಲೆ ಅವರ ಉತ್ತರ ದಾರಿಯಲ್ಲಿ ಕಳೆದುಹೋಯಿತಾ? ನಿಮ್ಮ ಬ್ಯಾಂಕಿಗೆ ಆ ಕ್ಷಣದಲ್ಲಿ ಇದು ಗೊತ್ತಾಗುವುದಿಲ್ಲ. ಎಷ್ಟು ಒಳ್ಳೆಯ ಎಂಜಿನಿಯರ್ ಇದ್ದರೂ ಗೊತ್ತಾಗುವುದಿಲ್ಲ, ಯಾಕೆಂದರೆ ಈ ಕಡೆಯಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಸುಮ್ನೆ ಇನ್ನೊಮ್ಮೆ ಕಳಿಸಿದರೆ ಎರಡು ಸಲ ಜಮೆ ಆಗಬಹುದು. ಕಳಿಸದಿದ್ದರೆ ಒಂದು ಸಲವೂ ಆಗದೇ ಇರಬಹುದು.

ಇದಕ್ಕೆ ಕಂಡುಕೊಂಡ ಉಪಾಯ ನನಗೆ ಈ ಇಡೀ ಕ್ಷೇತ್ರದಲ್ಲೇ ತುಂಬಾ ಇಷ್ಟವಾದದ್ದು. ಪ್ರತಿ ವ್ಯವಹಾರಕ್ಕೂ ಹುಟ್ಟುವಾಗಲೇ ಒಂದು ಗುರುತಿನ ಸಂಖ್ಯೆ ಕೊಡುತ್ತಾರೆ. ಅದೇ ಸಂಖ್ಯೆಯ ಸಂದೇಶ ಎಷ್ಟು ಸಲ ಬಂದರೂ ಎದುರಿನ ಬ್ಯಾಂಕು ಒಂದೇ ಸಲ ಜಮೆ ಮಾಡುತ್ತದೆ, ಉಳಿದ ಸಲ ‘ಇದು ಆಗಲೇ ಆಗಿದೆ’ ಅಂತ ಹಳೆಯ ಉತ್ತರವನ್ನೇ ಕೊಡುತ್ತದೆ. ಆದ್ದರಿಂದ ಧೈರ್ಯವಾಗಿ ಮತ್ತೆ ಮತ್ತೆ ಕೇಳಬಹುದು. ಕೊನೆಗೂ ಉತ್ತರ ಸಿಗದಿದ್ದರೆ ಎರಡೂ ಕಡೆಯ ಲೆಕ್ಕವನ್ನು ಪಕ್ಕ ಪಕ್ಕ ಇಟ್ಟು ತಾಳೆ ನೋಡುತ್ತಾರೆ. ಹೊಂದದೇ ಉಳಿದದ್ದನ್ನು ನಿಮ್ಮ ಖಾತೆಗೆ ತಿರುಗಿಸುತ್ತಾರೆ. ನೀವು ದೂರು ಕೊಡಬೇಕಾಗಿಲ್ಲ. ಭಾರತದ ರಿಸರ್ವ್ ಬ್ಯಾಂಕ್ 2019ರಲ್ಲೇ ಇದಕ್ಕೆ ಗಡುವು ಹಾಕಿದೆ, ಗಡುವು ದಾಟಿದರೆ ದಿನದ ಲೆಕ್ಕದಲ್ಲಿ ಗ್ರಾಹಕರಿಗೆ ಪರಿಹಾರ ಕೊಡಬೇಕು, ಅದೂ ಗ್ರಾಹಕರು ಕೇಳದೆಯೇ.

ಅಂದರೆ ಏನಾಯಿತು? ಯಂತ್ರ ತಪ್ಪು ಮಾಡಿದರೆ ಹಣ ತಾನಾಗಿಯೇ ವಾಪಸ್ ಬರುವ ದಾರಿಯನ್ನು ನಾವು ಕಟ್ಟಿದ್ದೇವೆ. ಚೆನ್ನಾಗಿಯೇ ಕಟ್ಟಿದ್ದೇವೆ. ಮನುಷ್ಯ ತಪ್ಪು ಮಾಡಿದರೆ, ಅಥವಾ ಯಾರೋ ಅವನಿಗೆ ಮೋಸ ಮಾಡಿ ತಪ್ಪು ಮಾಡಿಸಿದರೆ, ‘ಪಿನ್ ಹಾಕಿದ್ದು ನೀವೇ ಅಲ್ವಾ?’ ಅನ್ನುವ ಒಂದು ಪ್ರಶ್ನೆಗೆ ಎಲ್ಲ ನಿಂತುಬಿಡುತ್ತದೆ. ಇದು ನನಗೆ ಒಪ್ಪಿಗೆಯಿಲ್ಲ.

ಇಲ್ಲಿಗೆ ಹೇಗೆ ಬಂದೆವು ಅಂತ ಬೇಗ ಹೇಳಿ ಮುಗಿಸುತ್ತೇನೆ. 1995ರಲ್ಲಿ ಅಮೆರಿಕದಲ್ಲಿ ಸೆಕ್ಯುರಿಟಿ ಫಸ್ಟ್ ನೆಟ್‌ವರ್ಕ್ ಬ್ಯಾಂಕ್ ಅನ್ನುವ, ಇಂಟರ್ನೆಟ್ಟನ್ನೇ ಶಾಖೆ ಮಾಡಿಕೊಂಡ ಬ್ಯಾಂಕು ಶುರುವಾಯಿತು. 2007ರಲ್ಲಿ ಕೆನ್ಯಾದಲ್ಲಿ ಎಂ-ಪೆಸಾ ಬಂತು, ಇಂಟರ್ನೆಟ್ ಇಲ್ಲದ ಸಾದಾ ಫೋನಿನಲ್ಲೇ ಹಣ ಕಳಿಸುವ ವ್ಯವಸ್ಥೆ. ಆಮೇಲೆ ಬ್ಯಾಂಕಿನಿಂದ ಬ್ಯಾಂಕಿಗೆ ಕೂಡಲೇ ಹಣ ತಲುಪಿಸುವ ದಿಢೀರ್ ಪಾವತಿ ವ್ಯವಸ್ಥೆಗಳು ಒಂದೊಂದಾಗಿ ಬಂದವು. ಬ್ರಿಟನ್ 2008ರಲ್ಲಿ ಫಾಸ್ಟರ್ ಪೇಮೆಂಟ್ಸ್ ತಂದಿತು, ಭಾರತ 2016ರಲ್ಲಿ ಯುಪಿಐ, ಬ್ರೆಜಿಲ್ 2020ರ ನವೆಂಬರ್‌ನಲ್ಲಿ ಪಿಕ್ಸ್, ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ 2023ರ ಜುಲೈನಲ್ಲಿ ಫೆಡ್‌ನೌ. ಯೂರೋ ಬಳಸುವ ದೇಶಗಳಲ್ಲಿ ಈಗ 10 ಸೆಕೆಂಡ್ ಒಳಗೆ ಹಣ ತಲುಪಿಸುವುದು ಬ್ಯಾಂಕುಗಳಿಗೆ ಕಾನೂನಿನ ಕರ್ತವ್ಯ. ಹಗಲು, ರಾತ್ರಿ, ರಜೆ ಯಾವುದೂ ಲೆಕ್ಕವಿಲ್ಲ.

ಈ ಬದಲಾವಣೆಯಲ್ಲಿ ನಮಗೆ ಗೊತ್ತಿಲ್ಲದಂತೆ ಒಂದು ಅನುಕೂಲ ಕೈಬಿಟ್ಟು ಹೋಯಿತು. ಚೆಕ್ ಬರೆದುಕೊಟ್ಟರೆ ಅದು ಪಾಸಾಗಲು ದಿನಗಳು ಬೇಕಿತ್ತು. ಅಷ್ಟರಲ್ಲಿ ಬ್ಯಾಂಕಿಗೆ ಹೇಳಿ ತಡೆಹಿಡಿಯಬಹುದಿತ್ತು. ಕ್ರೆಡಿಟ್ ಕಾರ್ಡ್‌ನಲ್ಲಿ ಚಾರ್ಜ್‌ಬ್ಯಾಕ್ ಇದೆ. ಸಾಮಾನು ಬರಲಿಲ್ಲ, ಮೋಸವಾಯಿತು ಅಂದರೆ ನಿಮ್ಮ ಬ್ಯಾಂಕು ವ್ಯಾಪಾರಿಯ ಬ್ಯಾಂಕಿನಿಂದ ಹಣ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡ್ ಬಿಲ್ಲನ್ನು ಪ್ರಶ್ನಿಸುವ ಹಕ್ಕು 1974ರಿಂದಲೇ ಕಾನೂನಿನಲ್ಲಿದೆ. ಕಾರ್ಡ್ ವ್ಯವಹಾರದಲ್ಲಿ ವ್ಯಾಪಾರಿ ನಿಮ್ಮ ಖಾತೆಯಿಂದ ಹಣ ಎಳೆದುಕೊಳ್ಳುತ್ತಾನೆ, ಆದ್ದರಿಂದ ‘ನಾನು ಒಪ್ಪಿರಲಿಲ್ಲ’ ಅನ್ನುವ ವಾದಕ್ಕೆ ಜಾಗ ಇರುತ್ತದೆ. ದಿಢೀರ್ ಪಾವತಿಯಲ್ಲಿ ನೀವೇ ಹಣವನ್ನು ತಳ್ಳುತ್ತೀರಿ. ತಳ್ಳಿದ್ದು ನೀವು, ತಲುಪಿದ್ದು ಅಲ್ಲಿಗೆ, ಮುಗಿಯಿತು. ವ್ಯಾಪಾರಿಗಳಿಗೆ ಇದು ತುಂಬಾ ಒಳ್ಳೆಯದಾಯಿತು, ಶುಲ್ಕ ಕಡಿಮೆ, ಹಣ ಕೂಡಲೇ ಕೈಗೆ, ವಾಪಸ್ ಹೋಗುವ ಭಯವಿಲ್ಲ. ವಂಚಕರಿಗೂ ಒಳ್ಳೆಯದಾದದ್ದು ಇದೇ ಕಾರಣಕ್ಕೆ.

ಸುರಕ್ಷತೆಯ ಕಡೆ ಏನೂ ಕೆಲಸವಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ತುಂಬಾ ಆಗಿದೆ. ಆದರೆ ಹೆಚ್ಚಿನ ಕೆಲಸ ನಡೆದದ್ದು ಒಂದೇ ಪ್ರಶ್ನೆಯ ಸುತ್ತ. ಫೋನ್ ಹಿಡಿದಿರುವವರು ನಿಜವಾದ ಖಾತೆದಾರರೇನಾ? ಮೊದಲು ಪಾಸ್‌ವರ್ಡ್ ಇತ್ತು. ಅದು ಸೋರುತ್ತದೆ ಅಂತ ಎಸ್ಎಂಎಸ್ ಒಟಿಪಿ ಬಂತು. ಒಟಿಪಿ ಇದ್ದರೆ ಭದ್ರ ಅಂತ ವರ್ಷಗಟ್ಟಲೆ ನಂಬಿದ್ದೆವು. 2017ರಲ್ಲಿ ಜರ್ಮನಿಯಲ್ಲಿ ಕೆಲವರ ಖಾತೆ ಖಾಲಿಯಾಯಿತು. ಕಳ್ಳರು ಮೊದಲೇ ಅವರ ಲಾಗಿನ್ ವಿವರ ಕದ್ದಿದ್ದರು. ಆಮೇಲೆ ದೂರವಾಣಿ ಕಂಪನಿಗಳು ಒಂದಕ್ಕೊಂದು ಮಾತಾಡಲು ಬಳಸುವ ಎಸ್ಎಸ್7 ಅನ್ನುವ ಹಳೆಯ ವ್ಯವಸ್ಥೆಯ ದೋಷ ಹಿಡಿದು, ಒಟಿಪಿ ಸಂದೇಶಗಳನ್ನೇ ತಮ್ಮ ಕಡೆಗೆ ತಿರುಗಿಸಿಕೊಂಡರು. ಗ್ರಾಹಕರ ಫೋನ್ ಅವರ ಜೇಬಿನಲ್ಲೇ ಇತ್ತು. ಸಿಮ್ ಸ್ವಾಪ್ ಇನ್ನೂ ಸುಲಭ, ನಿಮ್ಮ ಹೆಸರಲ್ಲಿ ಬದಲಿ ಸಿಮ್ ತೆಗೆದುಕೊಂಡರೆ ಸಾಕು. ಆಂಡ್ರಾಯ್ಡ್‌ನಲ್ಲಿ ಕಣ್ಣು ಕಾಣದವರಿಗೆ ನೆರವಾಗಲಿ ಅಂತ ಇಟ್ಟ ಅನುಮತಿಯನ್ನೇ ದುರುಪಯೋಗ ಮಾಡಿ ಪರದೆ ಓದುವ, ಬಟನ್ ಒತ್ತುವ ಕಳ್ಳ ಆ್ಯಪ್‌ಗಳೂ ಬಂದವು.

ಇದಕ್ಕೆಲ್ಲ ನಿಜವಾಗಿ ಗಟ್ಟಿಯಾದ ಉತ್ತರ ಅಂದರೆ ಪಾಸ್‌ಕೀ. ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಮೂವರೂ 2022ರಲ್ಲಿ ಒಟ್ಟಿಗೆ ಇದರ ಬೆನ್ನಿಗೆ ನಿಂತರು. ನೋಂದಣಿ ಮಾಡುವಾಗ ನಿಮ್ಮ ಫೋನು ಎರಡು ಕೀಲಿ ಹುಟ್ಟಿಸುತ್ತದೆ. ಒಂದನ್ನು ಬ್ಯಾಂಕಿಗೆ ಕೊಡುತ್ತದೆ, ಇನ್ನೊಂದನ್ನು ಬ್ಯಾಂಕಿಗೆ ಯಾವತ್ತೂ ಕೊಡುವುದಿಲ್ಲ. ಲಾಗಿನ್ ಆಗುವಾಗ ಬ್ಯಾಂಕು ಒಂದು ಹೊಸ ಸವಾಲು ಕಳಿಸುತ್ತದೆ, ಫೋನು ತನ್ನ ಗುಟ್ಟಿನ ಕೀಲಿಯಿಂದ ಸಹಿ ಹಾಕಿ ಹಿಂತಿರುಗಿಸುತ್ತದೆ. ನಿಮ್ಮ ಬೆರಳು ಅಥವಾ ಮುಖ ಆ ಕೀಲಿಯನ್ನು ಫೋನಿನ ಒಳಗೇ ತೆರೆಯಲು ಮಾತ್ರ, ಅದರ ಚಿತ್ರ ಬ್ಯಾಂಕಿಗೆ ಹೋಗುವುದಿಲ್ಲ. ಜಾಸ್ತಿ ಜನರಿಗೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ. ಆ ಕೀಲಿ ಬ್ಯಾಂಕಿನ ನಿಜವಾದ ವೆಬ್ ವಿಳಾಸಕ್ಕೆ ಅಂಟಿಕೊಂಡಿರುತ್ತದೆ. ಒಂದೇ ಅಕ್ಷರ ಬದಲಿಸಿದ ನಕಲಿ ಸೈಟಿಗೆ ನೀವು ಮೋಸ ಹೋಗಬಹುದು, ಪಾಸ್‌ಕೀ ಹೋಗುವುದಿಲ್ಲ. ಫೋನಿನಲ್ಲಿ ಯಾರಿಗೋ ಓದಿ ಹೇಳಲು ಅಲ್ಲಿ ಒಟಿಪಿಯೂ ಇಲ್ಲ. ಬ್ಯಾಂಕುಗಳು ಇದನ್ನು ಇನ್ನೂ ಬೇಗ ತರಬೇಕು ಅಂತ ನಾನು ಸಿಕ್ಕ ಸಿಕ್ಕಲ್ಲಿ ಹೇಳುತ್ತಲೇ ಇರುತ್ತೇನೆ.

ಆದರೆ ಬೀಗ ಗಟ್ಟಿಯಾದಷ್ಟೂ ಕಳ್ಳ ಬಾಗಿಲು ಒಡೆಯುವುದು ಬಿಟ್ಟು ಬಾಗಿಲು ತಟ್ಟುತ್ತಾನೆ. ಈಗ ನಡೆಯುತ್ತಿರುವುದು ಅದೇ. ಪೊಲೀಸ್ ಅಂತ ಹೇಳಿಕೊಂಡು, ಬ್ಯಾಂಕಿನ ಭದ್ರತಾ ವಿಭಾಗ ಅಂತ ಹೇಳಿಕೊಂಡು, ಮಗನ ದನಿ ನಕಲು ಮಾಡಿ ಕರೆ ಮಾಡುತ್ತಾರೆ. ಹೆದರಿದ ಮನುಷ್ಯ ತನ್ನದೇ ಫೋನಿನಿಂದ, ತನ್ನದೇ ಬೆರಳಿನಿಂದ, ತಾನೇ ಹಣ ಕಳಿಸುತ್ತಾನೆ. ಪಾಸ್‌ಕೀ ಸರಿ, ಮುಖ ಸರಿ, ಪಿನ್ ಸರಿ. ಎಲ್ಲ ಪರೀಕ್ಷೆಗಳೂ ಪಾಸ್. ಹಣ ಹೋಯಿತು. ಇಂಥ ಕಡೆ ಖಾತೆದಾರ ಯಾರು ಅನ್ನುವ ಪ್ರಶ್ನೆಯಿಂದ ಏನೂ ಉಪಯೋಗವಿಲ್ಲ. ಹಣ ಯಾರಿಗೆ ಹೋಗುತ್ತಿದೆ ಅಂತ ಕೇಳಬೇಕು. ಹೋದ ಮೇಲೆ ಹಿಡಿಯೋಕೆ ಆಗುತ್ತದಾ ಅಂತಲೂ ಕೇಳಬೇಕು.

ಯಾರಿಗೆ ಅನ್ನುವುದನ್ನು ಮೊದಲು ನೋಡೋಣ. ತುಂಬಾ ವರ್ಷ, ತುಂಬಾ ದೇಶಗಳಲ್ಲಿ ಆ್ಯಪ್‌ನಲ್ಲಿ ನೀವು ಬರೆದ ಹೆಸರನ್ನು ಯಾರೂ ಓದುತ್ತಲೇ ಇರಲಿಲ್ಲ. ಖಾತೆ ಸಂಖ್ಯೆ ಒಂದೇ ಲೆಕ್ಕಕ್ಕೆ. ಹೆಸರಿನ ಜಾಗದಲ್ಲಿ ಏನು ಬರೆದರೂ ಹಣ ಹೋಗುತ್ತಿತ್ತು. ಬ್ರಿಟನ್‌ನ ದೊಡ್ಡ ಬ್ಯಾಂಕುಗಳು 2020ರಲ್ಲಿ ಹೆಸರು ತಾಳೆ ನೋಡುವುದನ್ನು ಶುರು ಮಾಡಿದವು. ಯೂರೋ ದೇಶಗಳಲ್ಲಿ 2025ರ ಅಕ್ಟೋಬರ್‌ನಿಂದ ಕಡ್ಡಾಯ. ಹೆಸರು ಹೊಂದಿದೆ, ಸುಮಾರಾಗಿ ಹೊಂದಿದೆ, ಹೊಂದಿಲ್ಲ ಅಂತ ಉತ್ತರ ಬರುತ್ತದೆ, ಅದನ್ನು ನೋಡಿ ನೀವು ಮುಂದುವರಿಯಬೇಕು. ಕೆನ್ಯಾದ ಎಂ-ಪೆಸಾ ಇದನ್ನು ಸಾದಾ ಫೋನಿನಲ್ಲೇ ಮಾಡಿತು. ಕಳಿಸುವ ಮುಂಚೆ ಎದುರಿನವರ ಹೆಸರು ತೋರಿಸಿ, ಬೇಡ ಅನ್ನಿಸಿದರೆ ರದ್ದು ಮಾಡಲು ಕೆಲವು ಸೆಕೆಂಡ್ ಕೊಟ್ಟಿತು. ತಪ್ಪಿ ಬೇರೆ ನಂಬರಿಗೆ ಹೋದರೆ, ಬಂದ ಎಸ್ಎಂಎಸ್ಸನ್ನೇ ಒಂದು ಚಿಕ್ಕ ಸಂಖ್ಯೆಗೆ ಫಾರ್ವರ್ಡ್ ಮಾಡಿ ವಾಪಸ್ ಕೇಳುವ ವ್ಯವಸ್ಥೆಯನ್ನೂ ಇಟ್ಟಿತು. ಆ ಕಡೆಯವರು ಅಷ್ಟರಲ್ಲಿ ಹಣ ತೆಗೆದುಬಿಟ್ಟಿದ್ದರೆ ಕಷ್ಟ, ನಿಜ. ಆದರೂ ದಾರಿ ಅಂತ ಒಂದು ಇದೆ, ಮತ್ತು ಅದು ಎಲ್ಲರ ಕೈಗೆ ಎಟುಕುತ್ತದೆ. ದುಬಾರಿ ಫೋನ್ ಬೇಕಿಲ್ಲ, ಎಐ ಬೇಕಿಲ್ಲ.

ಇನ್ನು, ಬೇಕಂತಲೇ ನಿಧಾನ ಮಾಡುವುದು. ಇದು ಆ್ಯಪ್ ವಿನ್ಯಾಸ ಮಾಡುವವರಿಗೆ ನುಂಗಲಾರದ ಮಾತು, ಯಾಕೆಂದರೆ ಅವರಿಗೆ ಕಲಿಸಿರುವುದೆಲ್ಲ ಒಂದು ಪುಟ ಕಡಿಮೆ ಮಾಡಿ, ಒಂದು ಒತ್ತು ಕಡಿಮೆ ಮಾಡಿ ಅಂತ. ಸಿಂಗಪುರದ ಉದಾಹರಣೆ ನೋಡಿ. 2021ರ ಡಿಸೆಂಬರ್ ಸುಮಾರಿಗೆ ಅಲ್ಲಿ ಒಂದೇ ಬ್ಯಾಂಕಿನ ಸುಮಾರು 790 ಗ್ರಾಹಕರು ನಕಲಿ ಎಸ್ಎಂಎಸ್‌ಗೆ ಬಲಿಯಾಗಿ 1.37 ಕೋಟಿ ಸಿಂಗಪುರ ಡಾಲರ್ ಕಳೆದುಕೊಂಡರು. ಆ ನಕಲಿ ಸಂದೇಶಗಳು ಫೋನಿನಲ್ಲಿ ಬ್ಯಾಂಕಿನ ಅಸಲಿ ಸಂದೇಶಗಳ ಕೆಳಗೇ, ಅದೇ ಸಾಲಿನಲ್ಲಿ ಬಂದು ಕೂತಿದ್ದವು, ಯಾಕೆಂದರೆ ಕಳಿಸಿದವರ ಹೆಸರಿನ ಜಾಗದಲ್ಲಿ ಬ್ಯಾಂಕಿನ ಹೆಸರನ್ನೇ ಹಾಕಿದ್ದರು. ಯಾರಿಗೆ ತಾನೇ ಅನುಮಾನ ಬರುತ್ತದೆ? 2022ರ ಜನವರಿಯಲ್ಲಿ ಅಲ್ಲಿನ ಹಣಕಾಸು ಪ್ರಾಧಿಕಾರ ಬ್ಯಾಂಕುಗಳಿಗೆ ಹೇಳಿತು, ಗ್ರಾಹಕರಿಗೆ ಕಳಿಸುವ ಎಸ್ಎಂಎಸ್‌ನಲ್ಲಿ ಲಿಂಕ್ ಇರಕೂಡದು, ಹೊಸ ಫೋನಿನಲ್ಲಿ ಬ್ಯಾಂಕಿನ ಡಿಜಿಟಲ್ ಟೋಕನ್ (ವ್ಯವಹಾರಕ್ಕೆ ಒಪ್ಪಿಗೆ ಕೊಡಲು ಫೋನಿನಲ್ಲಿ ಇಡುವ ಕೀಲಿ) ಹಾಕಿಕೊಂಡರೆ ಅದು ಕೆಲಸ ಶುರು ಮಾಡಲು ಕನಿಷ್ಠ 12 ಗಂಟೆ ಕಾಯಿಸಿ. ಅದೇ ವರ್ಷ, ಅನುಮಾನ ಬಂದ ಕೂಡಲೇ ಗ್ರಾಹಕರೇ ತಮ್ಮ ಖಾತೆ ಸ್ಥಗಿತ ಮಾಡುವ ತುರ್ತು ಬಟನ್ ಇಡಲೂ ಹೇಳಿತು. ಆಮೇಲೆ ಅಲ್ಲಿನ ಬ್ಯಾಂಕುಗಳು ಖಾತೆಯ ಒಂದು ಭಾಗಕ್ಕೆ ಬೀಗ ಹಾಕಿ, ಆನ್‌ಲೈನ್‌ನಲ್ಲಿ ಅದನ್ನು ಮುಟ್ಟಲಾಗದಂತೆ ಇಡುವ ಅನುಕೂಲ ತಂದವು.

12 ಗಂಟೆ ಯಾಕೆ? ಕಳ್ಳನಿಗೆ ಬೇಕಾಗಿರುವುದು ಅವಸರ. ನಿಮಗೆ ಬೇಕಾಗಿರುವುದು ಒಂದು ರಾತ್ರಿ ನಿದ್ದೆ, ಮನೆಯವರ ಜೊತೆ ಒಂದು ಮಾತು. ಬ್ರೆಜಿಲ್ ಇನ್ನೊಂದು ರೀತಿಯಲ್ಲಿ ಇದೇ ತೀರ್ಮಾನಕ್ಕೆ ಬಂತು. ಪಿಕ್ಸ್ ಬಂದ ಮೇಲೆ ಜನರನ್ನು ಅಪಹರಿಸಿ, ಅವರ ಫೋನಿನಿಂದಲೇ ಹಣ ಕಳಿಸಿಕೊಳ್ಳುವ ಅಪರಾಧಗಳ ಭಯ ಹೆಚ್ಚಾಯಿತು. 2021ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು ರಾತ್ರಿ 8ರಿಂದ ಬೆಳಿಗ್ಗೆ 6ರವರೆಗೆ ವ್ಯಕ್ತಿಗಳು ಕಳಿಸುವ ಮೊತ್ತಕ್ಕೆ 1,000 ರಿಯಲ್ (ಬ್ರೆಜಿಲ್‌ನ ಕರೆನ್ಸಿ) ಮಿತಿ ಹಾಕಿತು. ಮಿತಿ ಇಳಿಸಬೇಕು ಅಂದರೆ ಕೂಡಲೇ ಇಳಿಯುತ್ತದೆ, ಏರಿಸಬೇಕು ಅಂದರೆ ಕಾಯಬೇಕು. ಎಂಥ ಸರಳ ನಿಯಮ ನೋಡಿ. ಕತ್ತಿಗೆ ಚಾಕು ಇಟ್ಟವನ ಮುಂದೆ ನೀವು ಬೇಕು ಅಂದರೂ ಮಿತಿ ಏರಿಸಲು ಆಗುವುದಿಲ್ಲ, ಆದ್ದರಿಂದ ನಿಮ್ಮನ್ನು ಹಿಡಿದಿಟ್ಟುಕೊಂಡು ಅವನಿಗೆ ಸಿಗುವುದೂ ಕಡಿಮೆ. ಭಾರತದಲ್ಲಿ ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರ್‌ನಿಂದ ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಕಲೆಕ್ಟ್ ವಿನಂತಿಯನ್ನೇ ನಿಲ್ಲಿಸಿತು. ಹಣ ಬರುತ್ತದೆ ಅಂತ ನಂಬಿಸಿ ಪಿನ್ ಹಾಕಿಸಿಕೊಳ್ಳುವ ಮೋಸ ಅದರ ಮೂಲಕ ನಡೆಯುತ್ತಿತ್ತು. ಒಂದು ಸೌಲಭ್ಯವನ್ನು ತೆಗೆದುಹಾಕುವುದೂ ಆವಿಷ್ಕಾರವೇ ಅಂತ ನಾನು ಎಣಿಸುತ್ತೇನೆ.

ಹೋದ ಹಣವನ್ನು ಹಿಡಿಯುವುದು ಇವೆಲ್ಲಕ್ಕಿಂತ ಕಷ್ಟ. ವಂಚನೆಯ ಹಣ ಮೊದಲ ಖಾತೆಯಲ್ಲಿ ಕೂರುವುದಿಲ್ಲ. ಕಮಿಷನ್ ಆಸೆಗೆ, ಕೆಲವೊಮ್ಮೆ ಏನು ಎತ್ತ ಗೊತ್ತಿಲ್ಲದೆ, ಬೇರೆಯವರಿಗೆ ತಮ್ಮ ಖಾತೆ ಬಿಟ್ಟುಕೊಟ್ಟವರ ಮೂಲಕ ನಿಮಿಷಗಳಲ್ಲಿ ನಾಲ್ಕಾರು ಕಡೆ ಹರಿದುಹೋಗುತ್ತದೆ. ಇವನ್ನು ಮ್ಯೂಲ್ ಖಾತೆ ಅನ್ನುತ್ತಾರೆ. ಬ್ರೆಜಿಲ್‌ನಲ್ಲಿ 2021ರ ನವೆಂಬರ್‌ನಲ್ಲಿ ಪಿಕ್ಸ್‌ಗೆ ಒಂದು ವಾಪಸಾತಿ ವ್ಯವಸ್ಥೆ ಸೇರಿಸಿದರು. ಗ್ರಾಹಕ ದೂರು ಕೊಟ್ಟರೆ ಪಡೆದ ಬ್ಯಾಂಕು ಆ ಖಾತೆಯ ಹಣ ತಡೆಹಿಡಿದು ಪರಿಶೀಲಿಸಬೇಕು. ಆದರೆ ಅದು ಮೊದಲ ಖಾತೆಯನ್ನು ಮಾತ್ರ ನೋಡುತ್ತಿತ್ತು, ಅಷ್ಟರಲ್ಲಿ ಅದು ಖಾಲಿಯಾಗಿರುತ್ತಿತ್ತು. ಆದ್ದರಿಂದ ಮುಂದಿನ ಖಾತೆಗಳಿಗೂ ಜಾಡು ಹಿಡಿದು ಹೋಗುವಂತೆ ಅದನ್ನು ಬದಲಿಸುವ ಕೆಲಸ ಕೈಗೆತ್ತಿಕೊಂಡರು. ಹೀಗೆ ಜಾಡು ಹಿಡಿಯಲು ಎಲ್ಲ ಬ್ಯಾಂಕುಗಳೂ ಒಂದೇ ಭಾಷೆಯಲ್ಲಿ, ಯಂತ್ರದ ವೇಗದಲ್ಲಿ ‘ತಡೆ’ ಅಂತ ಹೇಳಿಕೊಳ್ಳಬೇಕು. ಹಣ ಸೆಕೆಂಡಿನಲ್ಲಿ ಓಡುವಾಗ ಇಮೇಲ್‌ನಲ್ಲಿ ಬೆನ್ನಟ್ಟಿದರೆ ಹೇಗೆ ಸಿಗುತ್ತದೆ?

ನನ್ನ ಲೆಕ್ಕದಲ್ಲಿ ಈ ಹತ್ತು ವರ್ಷಗಳ ಅತಿ ಮುಖ್ಯ ಬದಲಾವಣೆ ತಂತ್ರಜ್ಞಾನವೇ ಅಲ್ಲ, ಒಂದು ನಿಯಮ. ಬ್ರಿಟನ್‌ನಲ್ಲಿ 2024ರ ಅಕ್ಟೋಬರ್ 7ರಿಂದ, ವಂಚನೆಗೆ ಒಳಗಾಗಿ ತಾವೇ ಹಣ ಕಳಿಸಿದವರಿಗೂ ಬ್ಯಾಂಕು ಹಣ ತುಂಬಿಕೊಡಬೇಕು, 85,000 ಪೌಂಡ್‌ವರೆಗೆ, ಸಾಮಾನ್ಯವಾಗಿ 5 ಕೆಲಸದ ದಿನಗಳ ಒಳಗೆ. ಆ ಹೊರೆಯನ್ನು ಕಳಿಸಿದ ಬ್ಯಾಂಕು ಮತ್ತು ಪಡೆದ ಬ್ಯಾಂಕು ಅರ್ಧ ಅರ್ಧ ಹೊರಬೇಕು. ಆ ಎರಡನೇ ಅರ್ಧದ ಬಗ್ಗೆ ಯೋಚಿಸಿ. ಅಲ್ಲಿಯವರೆಗೆ ವಂಚಕನ ಖಾತೆ ಇಟ್ಟುಕೊಂಡ ಬ್ಯಾಂಕಿಗೆ ನಷ್ಟದಲ್ಲಿ ಪಾಲು ಬರುತ್ತಿದ್ದದ್ದೇ ಅಪರೂಪ. ಈಗ ಅಂಥ ಪ್ರತಿ ಖಾತೆಯೂ ಅದಕ್ಕೆ ಖರ್ಚು. ಹೊಸ ಖಾತೆ ತೆರೆದ ಮರುದಿನವೇ ದೊಡ್ಡ ಮೊತ್ತ ಬಂದು ಕೂಡಲೇ ಹೊರಗೆ ಹೋದರೆ, ಅದನ್ನು ನೋಡುವ ಆಸಕ್ತಿ ಈಗ ಬ್ಯಾಂಕಿಗೇ ಇದೆ. ಎಐ ಬಳಸಿ ಮೋಸ ಹಿಡಿಯುತ್ತೇವೆ ಅಂತ ಎಲ್ಲರೂ ಹೇಳುತ್ತಾರೆ, ಹಿಡಿಯದಿದ್ದರೆ ಹಣ ಯಾರದು ಹೋಗುತ್ತದೆ ಅನ್ನುವುದರ ಮೇಲೆ ಆ ಎಐಗೆ ಎಷ್ಟು ಬಂಡವಾಳ ಹಾಕುತ್ತಾರೆ ಅನ್ನುವುದು ನಿಂತಿದೆ.

‘ಹೀಗಾದರೆ ಜನ ಎಚ್ಚರ ತಪ್ಪುತ್ತಾರೆ’ ಅಂತ ಬ್ಯಾಂಕುಗಳು ವಾದಿಸುತ್ತವೆ. ಅದರಲ್ಲಿ ಸ್ವಲ್ಪ ಸತ್ಯ ಇರಬಹುದು, ಅದಕ್ಕಾಗಿಯೇ ಅಲ್ಲಿ ತೀರಾ ಬೇಜವಾಬ್ದಾರಿ ಮಾಡಿದವರಿಗೆ ಸಾಮಾನ್ಯವಾಗಿ ಹಣ ತುಂಬಿಕೊಡಬೇಕಾಗಿಲ್ಲ. ಆದರೆ ಜೀವನದ ಉಳಿತಾಯ ಕಳೆದುಕೊಂಡ ವಯಸ್ಸಾದವರ ಜೊತೆ ಮಾತಾಡಿದ ಯಾರಿಗೂ ಈ ವಾದ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಅವರು ಅಜಾಗರೂಕರಲ್ಲ. ಅವರನ್ನು ಗಂಟೆಗಟ್ಟಲೆ ಫೋನಿನಲ್ಲಿ ಹಿಡಿದಿಟ್ಟು, ಹೆದರಿಸಿ, ಯಾರಿಗೂ ಹೇಳಬಾರದು ಅಂತ ಆಣೆ ಹಾಕಿಸಿರುತ್ತಾರೆ. ಅದನ್ನು ಕಸುಬಾಗಿ ಮಾಡುವವರ ಎದುರು ನಮ್ಮಲ್ಲಿ ಯಾರೂ ಗೆದ್ದೇ ಗೆಲ್ಲುತ್ತೇವೆ ಅಂತ ಹೇಳಲಾಗದು.

ಎಐ ಬಗ್ಗೆ ಇಷ್ಟು ಹೇಳುತ್ತೇನೆ. ತೆರೆಯ ಹಿಂದೆ ಅದು ನಿಜವಾಗಿ ಕೆಲಸ ಮಾಡುತ್ತಿದೆ. ನೀವು ಯಾವ ಹೊತ್ತಿಗೆ, ಎಷ್ಟು, ಯಾರಿಗೆ ಕಳಿಸುತ್ತೀರಿ, ಫೋನನ್ನು ಹೇಗೆ ಹಿಡಿಯುತ್ತೀರಿ, ಎಷ್ಟು ವೇಗವಾಗಿ ಟೈಪ್ ಮಾಡುತ್ತೀರಿ ಅಂತೆಲ್ಲ ನೋಡಿ ಪ್ರತಿ ವ್ಯವಹಾರಕ್ಕೂ ಕಣ್ಣು ಮಿಟುಕಿಸುವುದರೊಳಗೆ ಒಂದು ಅಪಾಯದ ಅಂಕ ಕೊಡುತ್ತದೆ. ಹಣ ಕಳಿಸುವಾಗ ಪಕ್ಕದಲ್ಲೇ ಕರೆ ನಡೆಯುತ್ತಿದೆಯಾ ಅನ್ನುವುದು ಒಳ್ಳೆಯ ಸುಳಿವು. ಆದರೆ ಅದೇ ಯಂತ್ರ ತಪ್ಪಾಗಿ ಅನುಮಾನಪಟ್ಟರೆ ಪ್ರಾಮಾಣಿಕರ ಖಾತೆ ಸ್ತಬ್ಧವಾಗುತ್ತದೆ, ಯಾಕೆ ಅಂತ ಹೇಳುವವರು ಇರುವುದಿಲ್ಲ. ಇಲ್ಲೂ ವಾಪಸ್ ದಾರಿ ಬೇಕು. ಎದುರಿಗೆ ಕಾಣುವ ಎಐ, ಅಂದರೆ ಚಾಟ್‌ಬಾಟ್, ನನಗೆ ಅಷ್ಟು ಮೆಚ್ಚುಗೆಯಿಲ್ಲ. ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 2023ರಲ್ಲಿ ಹೇಳಿದಂತೆ, ಹಿಂದಿನ ವರ್ಷ ಅಲ್ಲಿನ ಜನಸಂಖ್ಯೆಯ ಸುಮಾರು 37% ಜನ ಬ್ಯಾಂಕಿನ ಚಾಟ್‌ಬಾಟ್ ಜೊತೆ ವ್ಯವಹರಿಸಿದ್ದರು. ಮನುಷ್ಯರನ್ನು ತಲುಪಲಾಗದೆ ಅದೇ ಉತ್ತರಗಳ ಸುತ್ತ ಸುತ್ತುವುದರ ಬಗ್ಗೆಯೂ ಆ ವರದಿ ಎಚ್ಚರಿಸಿತ್ತು. ಬ್ಯಾಲೆನ್ಸ್ ಎಷ್ಟು ಅಂತ ಬಾಟ್ ಹೇಳಲಿ, ತೊಂದರೆಯಿಲ್ಲ. ಹಣ ಹೋಯಿತು ಅಂದವರಿಗೆ ಒಂದೇ ಒತ್ತಿನಲ್ಲಿ ಮನುಷ್ಯರು ಸಿಗಬೇಕು.

ಆ್ಯಪ್ ಎಷ್ಟೇ ಹೊಸದಾದರೂ ಅದರ ಅಡಿಯಲ್ಲಿ ಎಲ್ಲ ಖಾತೆಗಳ ಲೆಕ್ಕ ಇಡುವ ಕೋರ್ ಬ್ಯಾಂಕಿಂಗ್ ವ್ಯವಸ್ಥೆ ಹಳೆಯದಿರಬಹುದು ಅನ್ನುವುದನ್ನೂ ಹೇಳದೆ ಹೋಗಲಾರೆ. ಬ್ರಿಟನ್‌ನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ತನ್ನ ಗ್ರಾಹಕರನ್ನು ಹೊಸ ವ್ಯವಸ್ಥೆಗೆ ಒಂದೇ ಸಲ ಸ್ಥಳಾಂತರಿಸಿತು. ಲಕ್ಷಾಂತರ ಜನರಿಗೆ ತಮ್ಮ ಖಾತೆ ತೆರೆಯಲಾಗಲಿಲ್ಲ, ಎಲ್ಲ ಸರಿಹೋಗಲು ಆ ವರ್ಷದ ಡಿಸೆಂಬರ್‌ವರೆಗೆ ಬೇಕಾಯಿತು. 2022ರಲ್ಲಿ ನಿಯಂತ್ರಕರು 4.865 ಕೋಟಿ ಪೌಂಡ್ ದಂಡ ಹಾಕಿದರು. ಅಲ್ಲೂ ಏನಾದರೂ ಕೆಟ್ಟರೆ ಹಿಂದಕ್ಕೆ ಹೋಗುವುದು ಹೇಗೆ ಅನ್ನುವುದಕ್ಕೆ ಸರಿಯಾದ ಉತ್ತರ ಕೈಯಲ್ಲಿರಲಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಕಾಲೇಜು ವಿದ್ಯಾರ್ಥಿನಿಯೊಬ್ಬರು ಕೇಳಿದರು, ‘ಸರ್, ಎಲ್ಲ ಪಾವತಿಯನ್ನೂ ನಿಧಾನ ಮಾಡಿದರೆ ಯಾರು ಬಳಸುತ್ತಾರೆ?’ ಒಳ್ಳೆಯ ಪ್ರಶ್ನೆ. ಎಲ್ಲವನ್ನೂ ನಿಧಾನ ಮಾಡುವುದು ಬೇಡವೇ ಬೇಡ. ದಿನಾ ಹೋಗುವ ಅಂಗಡಿಗೆ ಸಣ್ಣ ಮೊತ್ತ, ತಿಂಗಳು ತಿಂಗಳು ಕಟ್ಟುವ ಬಾಡಿಗೆ, ಇವು ಈಗಿನಂತೆಯೇ ಹೋಗಲಿ. ಮೊದಲ ಸಲ ಕಳಿಸುವ ಖಾತೆ, ದೊಡ್ಡ ಮೊತ್ತ, ಹೊಸ ಫೋನ್, ಈಗ ತಾನೇ ಏರಿಸಿದ ಮಿತಿ, ಇವುಗಳಲ್ಲಿ ಎರಡು ಒಟ್ಟಿಗೆ ಬಂದರೆ ಮಾತ್ರ ತಡೆಯಲಿ. ನಮ್ಮ ವ್ಯವಹಾರಗಳಲ್ಲಿ ಇಂಥವು ತುಂಬಾ ಕಡಿಮೆ, ಕಳ್ಳನ ವ್ಯವಹಾರಗಳಲ್ಲಿ ಬಹುಪಾಲು ಇಂಥವೇ.

ಇನ್ನೊಬ್ಬರು, ನಿವೃತ್ತರು, ‘ಬ್ಯಾಂಕು ಮಾಡುವವರೆಗೆ ನಾವೇನು ಮಾಡೋಣ?’ ಅಂದರು. ದೊಡ್ಡ ಉಳಿತಾಯ ಇರುವ ಖಾತೆಯನ್ನು ಪಾವತಿ ಆ್ಯಪ್‌ಗೆ ಜೋಡಿಸಬೇಡಿ, ದಿನದ ಖರ್ಚಿಗೆ ಬೇರೆ ಖಾತೆ ಇಡಿ. ದಿನದ ಮಿತಿಯನ್ನು ನಿಮಗೆ ನಿಜವಾಗಿ ಬೇಕಾದಷ್ಟಕ್ಕೆ ಇಳಿಸಿ. ಯಾರೋ ಹೇಳಿದರು ಅಂತ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಬೇಡಿ. ಬ್ಯಾಂಕಿನಿಂದ ಅಂತ ಕರೆ ಬಂದರೆ ಇಟ್ಟುಬಿಡಿ, ಕಾರ್ಡಿನ ಹಿಂದೆ ಇರುವ ನಂಬರಿಗೆ ನೀವೇ ಕರೆ ಮಾಡಿ. ಹಣ ಹೋಗಿಯೇಬಿಟ್ಟಿದ್ದರೆ ನಾಚಿಕೆಪಟ್ಟುಕೊಂಡು ಕೂರಬೇಡಿ, ಆ ನಿಮಿಷವೇ ಬ್ಯಾಂಕಿಗೂ ಪೊಲೀಸರಿಗೂ ತಿಳಿಸಿ. ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಕೆಲವು ನಿಮಿಷ, ಗಂಟೆಗಳಲ್ಲೇ.

ಕೊನೆಯ ಪ್ರಶ್ನೆ ಬ್ಯಾಂಕಿನಲ್ಲೇ ಕೆಲಸ ಮಾಡುವ ತರುಣರದು. ‘ನೀವು ಒಂದೇ ಒಂದು ಬದಲಾವಣೆ ಕೇಳಬಹುದಾದರೆ ಏನು ಕೇಳುತ್ತೀರಿ?’ ಅಂಕಿಅಂಶ ಕೇಳುತ್ತೇನೆ ಅಂದೆ. ಬ್ಯಾಂಕುಗಳು ಎಷ್ಟು ಕೋಟಿ ವ್ಯವಹಾರ ಮಾಡಿದೆವು, ಎಷ್ಟು ಸೆಕೆಂಡಿನಲ್ಲಿ ಮುಗಿಸಿದೆವು ಅಂತ ಹೆಮ್ಮೆಯಿಂದ ಪ್ರಕಟಿಸುತ್ತವೆ. ಎಷ್ಟು ಜನ ಹಣ ಕಳೆದುಕೊಂಡು ದೂರು ಕೊಟ್ಟರು, ಅವರಲ್ಲಿ ಎಷ್ಟು ಜನರಿಗೆ ಎಷ್ಟು ದಿನದಲ್ಲಿ ಎಷ್ಟು ವಾಪಸ್ ಬಂತು, ಅದನ್ನೂ ಬ್ಯಾಂಕುವಾರು ಪ್ರಕಟಿಸಲಿ. ಇದು ಆಗದ ಮಾತಲ್ಲ. ಬ್ರಿಟನ್‌ನ ಪಾವತಿ ನಿಯಂತ್ರಕರು 2023ರ ಅಕ್ಟೋಬರ್‌ನಲ್ಲಿ ಮೊದಲ ಸಲ ದೊಡ್ಡ ಬ್ಯಾಂಕುಗಳ ಹೆಸರು ಹಾಕಿಯೇ, ಯಾರು ತಮ್ಮ ಗ್ರಾಹಕರ ನಷ್ಟದಲ್ಲಿ ಎಷ್ಟು ಪಾಲು ತುಂಬಿಕೊಟ್ಟರು ಅಂತ ಪಟ್ಟಿ ಹೊರಗೆ ತಂದರು. ಹಣ ತುಂಬಿಕೊಡುವುದು ಕಡ್ಡಾಯವಾಗುವುದಕ್ಕೆ ಒಂದು ವರ್ಷ ಮುಂಚಿನ ಮಾತು ಅದು. ಬ್ಯಾಂಕು ಬ್ಯಾಂಕಿಗೂ ಅಜಗಜಾಂತರ ಇತ್ತು. ಖಾತೆ ತೆರೆಯುವ ಮುಂಚೆ ಬಡ್ಡಿ ಎಷ್ಟು ಅಂತ ಹೋಲಿಸಿ ನೋಡುವ ಹಾಗೆ ಅಲ್ಲಿನ ಜನ ಇದನ್ನೂ ಹೋಲಿಸಿ ನೋಡಬಹುದಾಯಿತು.